ಮಾವನ ಕಾರಿನ ಕಸುವು

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು ಮಿಕ್ಸಿಯಿಂದ ಹಿಡಿದು ಲಿಫ್ಟಿನವರೆಗೆ ಎಲ್ಲವನ್ನೂ ರಿಪೇರಿ ಮಾಡಬಲ್ಲರು ಎಂಬುದು ನಮ್ಮ ಬಂಧುಬಳಗದ ಗಟ್ಟಿ ನಂಬಿಕೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವವಳು. ಕಾಲೇಜು ಬಿಟ್ಟ ಮೇಲೆ ಕಾರಿನ ಇಂಜಿನ್ನೊಳಗೆ ಕೈ ಹಾಕಿದವಳಲ್ಲ. ಇದನ್ನು ನನ್ನ ಸೋದರಮಾವನಿಗೆ ಸಾಕಷ್ಟು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಅವನು ತಲೆಯಾಡಿಸಿ, "ಅದ್ ಸರಿ, ಈಗ ಬಾನೆಟ್ ತೆಗೀಲಾ?" ಎಂದು ಕೇಳುತ್ತಾನೆ.

ಮಾವ ಅಮ್ಮನ ಕೊನೆಯ ತಮ್ಮ. ನಾನು ಚಿಕ್ಕವಳಿದ್ದಾಗ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಪಟ್ಟಂದೂರು ಅಗ್ರಹಾರದ ಹೊಲಗಳನ್ನೆಲ್ಲ ಸುತ್ತಿಸಿದವನು. ಹಾಗಾಗಿ ನಮ್ಮಿಬ್ಬರ ನಡುವೆ ಏಕವಚನವೇ. ಆ ಹೊಲಗಳಲ್ಲಿ ಒಂದಷ್ಟು ಟೆಕ್ ಪಾರ್ಕಿನ ಕಾಂಪೌಂಡಿನೊಳಗೆ ಹೋಯಿತು, ಉಳಿದದ್ದರಲ್ಲಿ ಮಾವ ಬಾಡಿಗೆ ಮನೆಗಳನ್ನು ಕಟ್ಟಿಸಿದ. ಟ್ರ್ಯಾಕ್ಟರ್ ಮಾರಿದ ಮೇಲೆ ಬಹಳ ಕಾಲ ಒಂದು ಡೀಸೆಲ್ ಜೀಪ್ ಓಡಿಸಿದ. ಅದೂ ಹಳೆಯದಾಗಿ, ಹೊಗೆ ಕಾರತೊಡಗಿ, ಅತ್ತೆ ಅದರ ಪಕ್ಕ ನಿಲ್ಲಲೂ ಒಲ್ಲೆನೆಂದ ಮೇಲೆ ಒಂದು ಪುಟ್ಟ ಕೆಂಪು ಹ್ಯಾಚ್‌ಬ್ಯಾಕ್ ಕೊಂಡ. ಪೆಟ್ರೋಲ್ ಕಾರು, ಸಣ್ಣ ಇಂಜಿನ್, ಅದಕ್ಕೊಂದು ಟರ್ಬೊ. ಎಲ್ಲ ತಾಪತ್ರಯವೂ ಶುರುವಾದದ್ದು ಆ ಟರ್ಬೊದಿಂದ.

ಒಂದು ಭಾನುವಾರ ಹೂಡಿಯ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ ಹಾರನ್ ಹೊಡೆದ. ಒಳಗೆ ಬಾ ಎಂದರೆ ಬರಲಿಲ್ಲ.

"ಬಾರಮ್ಮಿ, ಕುಂತ್ಕೊ. ಇದ್ರ ಕಾಯಿಲೆ ಏನು ಅಂತ ನೋಡು."

ಕಾಯಿಲೆ ಏನೆಂದು ಅವನೇ ವರ್ಣಿಸಿದ. ಮುಂದಿನ ಗಾಡಿಯನ್ನು ದಾಟಬೇಕೆಂದು ಆಕ್ಸಿಲರೇಟರ್ ಒತ್ತಿದರೆ ಕಾರು ತಕ್ಷಣ ಮುನ್ನುಗ್ಗುವುದಿಲ್ಲ. ಸುಮ್ಮನೆ ಗೊಣಗುತ್ತದೆ. ಇನ್ನು ಆಗುವುದಿಲ್ಲವೆಂದು ಕಾಲು ಸಡಿಲಿಸುವ ಹೊತ್ತಿಗೆ ಇದ್ದಕ್ಕಿದ್ದಂತೆ ನೆಗೆಯುತ್ತದೆ.

"ಕೂಗಿದ್ರೆ ಓ ಅನ್ನಲ್ಲ, ಆಮೇಲೆ ಓಡೋಡಿ ಬರ್ತದೆ. ಇಂಥ ಆಳನ್ನ ಇಟ್ಕೊಂಡು ಏನ್ ಮಾಡಾಣ?" ಎಂದ.

ನನಗೆ ಗೊತ್ತಿದ್ದಷ್ಟನ್ನು ಬಿಡಿಸಿ ಹೇಳಿದೆ. ಇಂಜಿನ್ನಿಂದ ಹೊರಬರುವ ಹೊಗೆ ಟರ್ಬೊದ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನೊಳಗೆ ನೂಕುತ್ತದೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಕಸುವು ಹೆಚ್ಚುತ್ತದೆ. ಆದರೆ ಆ ಚಕ್ರ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಅದು ಕಾಯಿಲೆಯಲ್ಲ, ಅದರ ಸ್ವಭಾವ.

ಮಾವ ಎಲ್ಲವನ್ನೂ ಗಮನವಿಟ್ಟು ಕೇಳಿದ. ಕೊನೆಗೆ, "ಅಂಗಾದ್ರೆ ಆ ಚಕ್ರ ಬೇಗ ತಿರುಗೋ ಅಂಗೆ ಮಾಡ್ಸು" ಎಂದ.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆದರೆ ಅವನ ಮೂರನೇ ಮಹಡಿಯ ಬಾಡಿಗೆದಾರನೊಬ್ಬ, ಇಂಥ ಕಾರುಗಳ ಒಳಗಿನ ಕಂಪ್ಯೂಟರಿನಲ್ಲಿ ಲೆಕ್ಕ ಬದಲಾಯಿಸಿದರೆ ಅದೇ ಇಂಜಿನ್ ಹೆಚ್ಚು ಕಸುವು ಕೊಡುತ್ತದೆ, ಬಿಡಿಭಾಗ ಯಾವುದನ್ನೂ ಬದಲಿಸಬೇಕಿಲ್ಲ, ಅದಕ್ಕೆ ರೀಮ್ಯಾಪ್ ಅನ್ನುತ್ತಾರೆ ಎಂದು ಹೇಳಿಬಿಟ್ಟ. ಮಾವ ಆ ಸಂಜೆಯೇ ಫೋನ್ ಮಾಡಿದ. ನಾನು ಬೇಡವೆಂದೆ. ಕಂಪನಿಯವರ ವಾರಂಟಿ ಹೋಗುತ್ತದೆ, ಇಂಜಿನ್ನಿಗೂ ಕ್ಲಚ್ಚಿಗೂ ಹೊರೆ ಬೀಳುತ್ತದೆ, ನಿನಗೆ ಇರುವ ಕಸುವನ್ನೇ ಬಳಸಲು ಈ ಊರಿನಲ್ಲಿ ರಸ್ತೆಯಿಲ್ಲ ಎಂದು ಒಂದೊಂದಾಗಿ ಹೇಳಿದೆ. "ಊ, ಸರಿ, ನೀನ್ ಹೇಳಿದ್ ಮೇಲೆ ಮುಗೀತು" ಎಂದ. ನಾನು ನಂಬಿದೆ.

ಕೆಲವು ದಿನ ಕಳೆದು, ಕಾರ್ಖಾನೆಯಲ್ಲಿ ಒಂದು ಬೆಳಿಗ್ಗೆ ಗೇಟಿನ ಸೆಕ್ಯುರಿಟಿ ಫೋನ್ ಮಾಡಿದ.

"ಮೇಡಂ, ನಿಮ್ಮ ಮಾವ ಅಂತೆ. ಕೆಂಪು ಕಾರು. ಒಳಗೆ ಬಿಡಿ ಅಂತ ಗಲಾಟೆ ಮಾಡ್ತಾವ್ರೆ."

ಅಗ್ರಹಾರದಿಂದ ಪೀಣ್ಯಕ್ಕೆ ಊರಿನ ಆ ತುದಿಯಿಂದ ಈ ತುದಿಗೆ ಬರಬೇಕು. ನಾನೇ ದಿನಾ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಇನ್ನೊಂದು ಮೆಟ್ರೊ ಹತ್ತಿ ಬರುವವಳು. ಅವನು ಅಷ್ಟು ದೂರ ಕಾರು ಓಡಿಸಿಕೊಂಡು ಬಂದು ಗೇಟಿನಲ್ಲಿ ನಿಂತಿದ್ದ.

"ನೀನ್ ಬೇಡ ಅಂದೆ, ಗೊತ್ತು. ಮಾಡ್ಸು ಅಂತಾ ಇಲ್ಲ. ಬರೀ ಕೇಳ್ಕೊಂಡ್ ಬರಾಣ. ನಿನ್ ಫ್ಯಾಕ್ಟ್ರಿಯಿಂದ ಎರಡು ರಸ್ತೆ ಆಚೆಗೈತೆ ಅವ್ನ ಶೆಡ್ಡು."

ಅರ್ಧ ದಿನ ರಜೆ ಬರೆದು ಅವನ ಜೊತೆ ಹೋದೆ. ಬರೀ ಕೇಳಿಕೊಂಡು ಬರುವುದಕ್ಕೆ ಯಾರೂ ಅಷ್ಟು ದೂರ ಕಾರು ಓಡಿಸಿಕೊಂಡು ಬರುವುದಿಲ್ಲವೆಂದು ಗೊತ್ತಿತ್ತು. ಆದರೂ ಜೊತೆಗೆ ಯಾರೂ ಇಲ್ಲದಿದ್ದರೆ ಅವನು ಇನ್ನೇನು ಮಾಡಿಸಿಕೊಂಡು ಬರುತ್ತಾನೋ ಎಂದು ಹೆದರಿಕೆ.

ಲೇತ್ ಅಂಗಡಿಗಳ ಸಾಲಿನಲ್ಲಿ, ಬಣ್ಣ ಹೊಡೆಯುವ ಒಂದು ಘಟಕದ ಹಿಂದೆ, ಆ ಶೆಡ್ ಇತ್ತು. ಬೀದಿಯ ಉಳಿದ ಶೆಡ್‌ಗಳಲ್ಲಿ ನೆಲಕ್ಕೆ ಎಣ್ಣೆ, ಲೋಹದ ಸುರುಳಿ. ಇಲ್ಲಿ ಮಾತ್ರ ನೆಲ ಒರೆಸಿ, ಟೈಲ್ಸ್ ಹಾಕಿ, ಎಸಿ ಹಾಕಿದ ಒಂದು ಗಾಜಿನ ಕೋಣೆ. ನಡೆಸುವವನಿಗೆ ಮೂವತ್ತರ ಆಸುಪಾಸಿನ ವಯಸ್ಸು. ಕಪ್ಪು ಟೀ ಶರ್ಟ್, ಕೈಯಲ್ಲಿ ಲ್ಯಾಪ್‌ಟಾಪ್. ಒಂದು ನಿಮಿಷಕ್ಕೆ ಎಷ್ಟು ಇಂಗ್ಲಿಷ್ ಪದ ಹಿಡಿಸುತ್ತವೋ ಅಷ್ಟನ್ನೂ ಹಿಡಿಸಿ ಮಾತಾಡುತ್ತಿದ್ದ.

"ಸಾರ್, ಕಂಪನಿಯವ್ರು ತುಂಬಾ ಸೇಫ್ ಆಗಿ ಟ್ಯೂನ್ ಮಾಡಿರ್ತಾರೆ. ಕೆಟ್ಟ ಪೆಟ್ರೋಲ್, ಬಿಸಿಲು, ಗುಡ್ಡ, ಎಲ್ಲದಕ್ಕೂ ಆಗ್ಲಿ ಅಂತ. ನಾವು ಆ ಮಾರ್ಜಿನ್‌ನಲ್ಲಿ ಸ್ವಲ್ಪ ತಗೋತೀವಿ. ಬೂಸ್ಟ್, ಅಂದ್ರೆ ಟರ್ಬೊ ಗಾಳಿ ಒತ್ತಡ, ಸ್ವಲ್ಪ ಜಾಸ್ತಿ ಮಾಡ್ತೀವಿ, ಅಷ್ಟೇ."

"ಸ್ವಲ್ಪ ಯಾಕಪ್ಪ, ಪೂರ್ತಿ ಮಾಡು" ಎಂದ ಮಾವ.

"ಕ್ಲಚ್ ತಡೆಯುತ್ತಾ?" ಎಂದು ನಾನು ಕೇಳಿದೆ.

"ಸ್ಟೇಜ್ ಒನ್‌ಗೆ ಅಂದ್ರೆ ಈ ಮೊದಲ್ನೇ ಹಂತಕ್ಕೆ ಆರಾಮಾಗಿ ತಡೆಯುತ್ತೆ ಮೇಡಂ. ಸಾರ್ ಹೇಗ್ ಓಡಿಸ್ತಾರೆ ಅನ್ನೋದ್ರ ಮೇಲೆ."

"ನಾನು ಮೆಲ್ಲಗೇ ಓಡ್ಸೋದು" ಎಂದ ಮಾವ. ಮೆಲ್ಲಗೆ ಓಡಿಸುವವನಿಗೆ ಈ ಶೆಡ್ಡಿನಲ್ಲಿ ಏನು ಕೆಲಸ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕಾರನ್ನು ಒಳಗೆ ತಂದು ಮುಂದಿನ ಚಕ್ರಗಳನ್ನು ನೆಲದಲ್ಲಿ ಹುದುಗಿದ ಉರುಳೆಗಳ ಮೇಲೆ ಕೂರಿಸಿದರು. ನಾಲ್ಕೂ ಕಡೆ ಅಗಲವಾದ ಪಟ್ಟಿಗಳಿಂದ ಬಿಗಿದು, ಮುಂದೆ ದೊಡ್ಡ ಫ್ಯಾನ್ ಇಟ್ಟರು. ಕಾರು ನಿಂತಲ್ಲೇ ಓಡುತ್ತದೆ, ಚಕ್ರದ ಬಲವನ್ನು ಉರುಳೆಗಳು ಅಳೆಯುತ್ತವೆ. ಶೆಡ್ಡಿನವನು ಒಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಜಿನ್ ಕೂಗಿದ ಕೂಗಿಗೆ ಗಾಜುಗಳು ಅದುರಿದವು. ಮಾವ ಎರಡು ಹೆಜ್ಜೆ ಹಿಂದೆ ಸರಿದ. ಆ ಪುಟ್ಟ ಕಾರಿನಿಂದ ಅಂಥ ದನಿ ಬಂದದ್ದನ್ನು ಅವನು ಕೇಳಿಯೇ ಇರಲಿಲ್ಲ. ಅವನ ಮುಖ ಕಿವುಚಿದ್ದನ್ನು ನೋಡಿದೆ. ಶಬ್ದ ಜಾಸ್ತಿಯಾಯಿತೇನೋ ಅಂದುಕೊಂಡೆ.

ಊಟದ ಹೊತ್ತಿಗೆ ಕೆಲಸ ಮುಗಿಯಿತು. ಪರದೆಯ ಮೇಲೆ ಎರಡು ಗೆರೆ, ಮೊದಲಿನದು ಕೆಳಗೆ, ಈಗಿನದು ಮೇಲೆ. ಮಾವ ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡ. ಒಳ್ಳೆಯ ಪೆಟ್ರೋಲನ್ನೇ, ಅಂದರೆ ಬಂಕಿನಲ್ಲಿ ಬೇರೆ ಪಂಪಿನಲ್ಲಿ ಸಿಗುವ ದುಬಾರಿ ಪೆಟ್ರೋಲನ್ನೇ, ಹಾಕಿಸಬೇಕೆಂದು ಹೇಳಿಸಿಕೊಂಡ. ಅಲ್ಲಿಂದ ಹೊರಟೆವು. ತುಮಕೂರು ರಸ್ತೆಯ ಮೇಲ್ಸೇತುವೆಯಲ್ಲಿ ಖಾಲಿ ಜಾಗ ಸಿಕ್ಕಿದಾಗ ನಾನು ಓಡಿಸುತ್ತಿದ್ದೆ. ಹೇಗಿದೆ ನೋಡೋಣವೆಂದು ಮೂರನೇ ಗೇರಿನಲ್ಲಿ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಅದು ಚೆನ್ನಾಗಿದ್ದದ್ದೇ ನನಗೆ ಇನ್ನಷ್ಟು ಕಿರಿಕಿರಿಯಾಯಿತು. ಪಕ್ಕದಲ್ಲಿ ಮಾವ ಮೊಣಕಾಲು ತಟ್ಟಿಕೊಂಡು ನಗುತ್ತಿದ್ದ.

ಅಲ್ಲಿಂದ ಮುಂದಕ್ಕೆ ದಿನಕ್ಕೊಂದು ಫೋನು. ಅಗ್ರಹಾರದ ಹತ್ತಿರದ ಬಂಕಿನಲ್ಲಿ ದುಬಾರಿ ಪೆಟ್ರೋಲ್ ಇಲ್ಲ, ಸಾದಾ ಪೆಟ್ರೋಲ್ ಹಾಕಿಸಿದೆ, ಇಂಜಿನ್ ಟಿಕ ಟಿಕ ಅನ್ನುತ್ತಿದೆ, ಪರವಾಗಿಲ್ಲವಾ. ಪರವಾಗಿಲ್ಲ ಅನ್ನೋ ಹಾಗಿಲ್ಲ ಮಾವ, ಓಡಿಸಬೇಡ. ಆಗಲೇ ಓಡಿಸಿಬಿಟ್ಟೆನಲ್ಲ. ಒಮ್ಮೆ ಒತ್ತಿ ಬಿಟ್ಟರೆ ಉಸ್ ಅನ್ನುತ್ತದೆ, ಅದು ಒಳ್ಳೆಯದಾ ಕೆಟ್ಟದ್ದಾ. ಗೊತ್ತಿಲ್ಲ ಮಾವ. ನೀನು ಓದಿರೋಳಲ್ವಾ. ಅಳತೆಯ ಮೇಜಿನ ಮೇಲೆ ಪಂಪಿನ ಶಾಫ್ಟ್ ಇಟ್ಟುಕೊಂಡು, ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಸಿಕ್ಕಿಸಿಕೊಂಡು ನಾನು ಉತ್ತರಿಸುತ್ತಿದ್ದೆ. ನನ್ನ ಮೇಲಿನವರು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ ಎಂದು ವಿಚಾರಿಸಿದರು. ಕಾರಿಗೆ ಎಂದೆ.

ಇಷ್ಟೆಲ್ಲ ಆದರೂ ಅವನ ಮೊದಲ ದೂರು ಹಾಗೇ ಉಳಿದಿತ್ತು. ಒತ್ತಿದ ತಕ್ಷಣ ಮುನ್ನುಗ್ಗುವುದಿಲ್ಲ. ಈಗ ನೆಗೆಯುವಾಗ ಮಾತ್ರ ಮೊದಲಿಗಿಂತ ಜೋರಾಗಿ ನೆಗೆಯುತ್ತದೆ.

ಅತ್ತೆಯ ತವರು ಆನೇಕಲ್ ಕಡೆ. ಅಲ್ಲಿ ಅವಳ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆ ಹೊರಟೆವು. ಮಾವ ಸ್ಟೀರಿಂಗಿನಲ್ಲಿ, ಅತ್ತೆ ಪಕ್ಕದಲ್ಲಿ, ನಾನು ಹಿಂದೆ. ನನ್ನ ತೊಡೆಯ ಮೇಲೆ ಅತ್ತೆ ಬೆಳಿಗ್ಗೆ ಎದ್ದು ಮಾಡಿದ ಕಜ್ಜಾಯದ ಡಬ್ಬ. ವರ್ತೂರು ದಾಟುವಷ್ಟರಲ್ಲಿ ಬಿಸಿಲೇರಿತ್ತು. ಸರ್ಜಾಪುರದಿಂದ ಅತ್ತಿಬೆಲೆಗೆ ಹೋಗುವ ರಸ್ತೆಯಲ್ಲಿ ಕಬ್ಬಿಣದ ಸರಳು ಹೇರಿದ ಒಂದು ಲಾರಿ ನಮ್ಮ ಮುಂದೆ ಸಿಕ್ಕಿತು. ಸರಳುಗಳ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದ್ದರು. ಲಾರಿ ತೆವಳುತ್ತಿತ್ತು. ಮಾವ ಎರಡು ಸಲ ತಲೆ ಹೊರಗೆ ಹಾಕಿ ನೋಡಿದ.

"ನಿಧಾನಕ್ಕೇ ಓಗಾಣ, ಏನ್ ಅವಸರ" ಎಂದಳು ಅತ್ತೆ.

"ಕಸುವು ಐತಲ್ಲೇ ಈಗ" ಎಂದು ಮಾವ ಬಲಕ್ಕೆ ತಿರುಗಿಸಿ ಒತ್ತಿದ.

ಕಾರು ಎಂದಿನಂತೆ ಗೊಣಗಿತು. ಲಾರಿಯ ಅರ್ಧದವರೆಗೂ ಹಾಗೇ ಗೊಣಗುತ್ತ ಬಂದೆವು. ಇನ್ನೇನು ನೆಗೆಯಬೇಕು, ಅಷ್ಟರಲ್ಲಿ ಬಾನೆಟ್ಟಿನೊಳಗೆ ಢಬ್ ಎಂದು ಸದ್ದಾಯಿತು. ಆಮೇಲೆ ಬರೀ ಗಾಳಿ ಸೋರುವ ಸದ್ದು. ಮಾವ ಕಾಲನ್ನು ನೆಲಕ್ಕೇ ಒತ್ತಿದ್ದ, ಕಾರು ಮಾತ್ರ ಮುಂದೆ ಹೋಗಲೊಲ್ಲದು. ಎದುರಿನ ತಿರುವಿನಲ್ಲಿ ಬಸ್ಸೊಂದು ಕಾಣಿಸಿ ಲೈಟು ಹೊಡೆಯತೊಡಗಿತು. ಎಡಕ್ಕೆ ಲಾರಿ, ಅದರ ಸರಳುಗಳು ನನ್ನ ಕಿಟಕಿಯ ಮಟ್ಟದಲ್ಲೇ ಅಲುಗಾಡುತ್ತಿದ್ದವು. ನಾನು ಡಬ್ಬ ಅಪ್ಪಿಕೊಂಡು "ಬ್ರೇಕ್ ಮಾವ, ಬ್ರೇಕ್" ಎಂದೆ. ಅವನು ಬ್ರೇಕ್ ಒತ್ತಿದ. ಲಾರಿಯವನೂ ನಮ್ಮ ಪಾಡು ನೋಡಿ ರಸ್ತೆಯಂಚಿಗೆ ಸರಿದು ಮುಂದೆ ಹೋದ. ನಾವು ಅದರ ಹಿಂದೆ ನುಸುಳಿದೆವು. ಬಸ್ಸು ಹಾರನ್ ಬಿಡದೆ ಹೊಡೆಯುತ್ತ ನಮ್ಮ ಕನ್ನಡಿಯ ಪಕ್ಕದಲ್ಲೇ ಹಾದುಹೋಯಿತು.

ಗಿಡ ಮಾರುವ ಒಂದು ನರ್ಸರಿಯ ಮುಂದೆ ಕಾರು ನಿಂತಿತು. ಮಾವನ ಕೈಗಳು ಸ್ಟೀರಿಂಗ್ ಬಿಟ್ಟಿರಲಿಲ್ಲ. ಅತ್ತೆ ಬಾಗಿಲು ತೆಗೆದು ಇಳಿದು, ಸೆರಗು ಸರಿಮಾಡಿಕೊಂಡು, ಹಿಂದಿನ ಬಾಗಿಲಿಗೆ ಬಂದು ಡಬ್ಬಕ್ಕೆ ಕೈ ಚಾಚಿದಳು.

"ಎಲ್ಲಿಗೆ ಅತ್ತೆ?"

"ನಿಮ್ಮಾವಂಗೆ ಏಳು, ನಾನು ಬಸ್ಸಲ್ಲಿ ಓಗ್ತೀನಿ."

"ಲೇ, ಕುಂತ್ಕೊಳೇ, ಈಗ ಸರಿ ಓಗ್ತದೆ" ಎಂದ ಮಾವ ಒಳಗಿನಿಂದಲೇ.

"ಈ ಗಾಡಿ ಮೊದ್ಲು ಎಂಗಿತ್ತೋ ಅಂಗೇ ಆಗೋವರ್ಗೂ ನಾನು ಇದ್ರಲ್ಲಿ ಕಾಲಿಡಲ್ಲ ಅಂತ ಏಳು" ಎಂದು ಅತ್ತೆ ನನಗೇ ಹೇಳಿದಳು. ಅತ್ತಿಬೆಲೆ ಕಡೆಗೆ ಹೋಗುವ ಬಸ್ಸೊಂದು ಬಂತು. ಕೈ ಅಡ್ಡ ಹಿಡಿದಳು. ಡಬ್ಬದ ಸಮೇತ ಹತ್ತಿ ಹೊರಟುಹೋದಳು. ತಿರುಗಿ ನೋಡಲಿಲ್ಲ.

ಬಾನೆಟ್ ತೆಗೆದೆ. ಟರ್ಬೊ ಒತ್ತಿದ ಗಾಳಿಯನ್ನು ಇಂಜಿನ್ನಿಗೆ ತರುವ ರಬ್ಬರ್ ಪೈಪೊಂದು ಕ್ಲಿಪ್ಪಿನಿಂದ ಜಾರಿ ಹೊರಗೆ ಬಂದಿತ್ತು. ಒತ್ತಡ ಹೆಚ್ಚಿಸಿದ್ದರು, ಪೈಪು ಮಾತ್ರ ಹಳೆಯ ಒತ್ತಡಕ್ಕೆ ಮಾಡಿದ್ದು. ಪಂಪಿನ ಕಾರ್ಖಾನೆಯಲ್ಲಿ ಇಂಥ ಪೈಪು ಕ್ಲಿಪ್ಪುಗಳನ್ನು ಎಷ್ಟೋ ನೋಡಿದ್ದೆ. ತಣಿಯುವವರೆಗೆ ಕಾದು, ಟವೆಲ್ ಸುತ್ತಿ ಹಿಡಿದು, ಪೈಪನ್ನು ಒಳಕ್ಕೆ ನೂಕಿದೆ. ನರ್ಸರಿಯವನ ಹತ್ತಿರ ಸ್ಕ್ರೂಡ್ರೈವರ್ ಇಸಿದುಕೊಂಡು ಬಿಗಿದೆ. ಕೈಯೆಲ್ಲ ಕಪ್ಪಾಯಿತು, ರೇಷ್ಮೆ ಸೀರೆಯ ಅಂಚಿಗೆ ಗ್ರೀಸ್ ಮೆತ್ತಿತು. ಮಾವ ಹತ್ತಿರ ಬಂದು ಬಗ್ಗಿ ನೋಡಿ, "ನೋಡ್ದಾ, ನಿಂಗೆ ಗೊತ್ತೈತೆ" ಎಂದ. ನನಗೆ ಆ ಸ್ಕ್ರೂಡ್ರೈವರನ್ನು ಎತ್ತಿ ಹೊಲಕ್ಕೆ ಎಸೆಯಬೇಕೆನಿಸಿತು. ಅದು ನರ್ಸರಿಯವನದು, ಆದ್ದರಿಂದ ವಾಪಸ್ ಕೊಟ್ಟೆ.

ನಾವು ಆನೇಕಲ್ ತಲುಪುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು ಆಗಿತ್ತು. ಅತ್ತೆ ಎರಡನೇ ಪಂಕ್ತಿಗೆ ಬಡಿಸುತ್ತಿದ್ದಳು. ಎಲ್ಲರಿಗೂ ಎಲ್ಲವೂ ಗೊತ್ತಾಗಿತ್ತು.

ಮರುದಿನ ಪೀಣ್ಯದ ಶೆಡ್ಡಿನ ಆ ಟ್ಯೂನರ್‌ಗೆ ಫೋನ್ ಮಾಡಿ ಕೂಗಾಡಿದೆ. ಅವನು ಸಮಾಧಾನವಾಗಿ ಕೇಳಿ, "ಸಾರಿ ಮೇಡಂ, ಆ ಕ್ಲಾಂಪ್ ಚೇಂಜ್ ಮಾಡ್ಬೇಕಿತ್ತು. ತನ್ನಿ, ಸಿಲಿಕಾನ್ ಪೈಪ್ ಹಾಕ್ಕೊಡ್ತೀನಿ. ಹೇಗಿದ್ರೂ ಪೈಪ್ ಹಾಕ್ತೀವಲ್ಲ, ಹಾಗೇ ಸ್ಟೇಜ್ ಟೂ ಮಾಡ್ಬಿಟ್ರೆ ಲ್ಯಾಗ್, ಆ ತಡವಾಗೋದು, ಪೂರ್ತಿ ಹೋಗುತ್ತೆ. ಕ್ಲಚ್, ಎಕ್ಸಾಸ್ಟ್ ಎರಡೂ ಚೇಂಜ್ ಮಾಡ್ಬೇಕು, ಅಷ್ಟೇ" ಎಂದ. ನಾನು ಫೋನ್ ಇಟ್ಟೆ. ಅವನು ಮಾವನಿಗೆ ಫೋನ್ ಮಾಡಿದ. ಮಾವ ನನಗೆ ಫೋನ್ ಮಾಡಿ, "ಸ್ಟೇಜ್ ಟೂ ಅಂತೆ ಕಣಮ್ಮಿ" ಎಂದ.

"ಮಾವ, ಅತ್ತೆ ನಿನ್ನ ಜೊತೆ ಮಾತಾಡ್ತಾ ಇದಾಳಾ?"

"ಇಲ್ಲ."

"ಹಾಗಾದ್ರೆ ಸ್ಟೇಜ್ ಟೂ ಬಗ್ಗೆ ನನ್ನ ಜೊತೇನೂ ಮಾತಾಡ್ಬೇಡ."

ಹೊಸ ಪೈಪಂತೂ ಹಾಕಿಸಲೇಬೇಕಿತ್ತು. ಹಾಕಿಸಿಕೊಂಡು ವಾಪಸ್ ಬರುವಾಗ ಮಾವ ಓಡಿಸುತ್ತಿದ್ದ. ಅತ್ತೆ ಇಲ್ಲದ್ದರಿಂದ ನಾನು ಮೊದಲ ಬಾರಿಗೆ ಅಷ್ಟು ದೂರ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಹೆಬ್ಬಾಳ ದಾಟಿ ರಸ್ತೆ ಸ್ವಲ್ಪ ಬಿಡುವಾದಾಗ ಅವನು ಒಂದು ಟೆಂಪೊ ದಾಟಲು ಒತ್ತಿದ. ಕಾರು ಗೊಣಗಿತು. ನನ್ನ ಕಣ್ಣು ಅವನ ಎಡಗೈ ಮೇಲೆ ಬಿತ್ತು. ಗೇರ್ ಐದರಲ್ಲಿತ್ತು. ಮೊಪೆಡ್ ಸವಾರನೊಬ್ಬ ನಮ್ಮ ಜೊತೆಜೊತೆಗೇ ಬರುತ್ತಿದ್ದ, ಅಷ್ಟು ನಿಧಾನ. ಆ ವೇಗದಲ್ಲಿ ಐದನೇ ಗೇರ್.

"ಮಾವ, ಇದು ಯಾವಾಗ್ಲೂ ಐದರಲ್ಲೇ ಇರುತ್ತಾ?"

"ಇನ್ನೆಲ್ಲಿ ಇರ್ಬೇಕು? ಗಾಡಿ ಎದ್ದ ಮೇಲೆ ಐದು."

"ಓವರ್‌ಟೇಕ್ ಮಾಡುವಾಗ ಇಳಿಸಲ್ವಾ?"

"ಯಾಕ್ ಇಳಿಸ್ಬೇಕು?"

ಟರ್ಬೊದ ಆ ಚಕ್ರ ಬೇಗ ತಿರುಗದೆ ಇದ್ದದ್ದಕ್ಕೆ ಕಾರಣ ಅಲ್ಲಿತ್ತು. ಇಂಜಿನ್ ವೇಗವಾಗಿ ಸುತ್ತಿದರೆ ತಾನೆ ಹೊಗೆ ರಭಸವಾಗಿ ಬರುವುದು, ಟರ್ಬೊ ತಿರುಗುವುದು. ಅವನು ಅದನ್ನು ನಿದ್ದೆಯಲ್ಲೇ ಇಟ್ಟು, ನಿದ್ದೆಯಲ್ಲಿರುವಾಗಲೇ ಓಡು ಎನ್ನುತ್ತಿದ್ದ. ಒಂದು ಗೇರ್ ಇಳಿಸಿದ್ದರೆ, ಶೋರೂಮಿನಿಂದ ಬಂದ ದಿನವೇ ಆ ಕಾರು ಅವನಿಗೆ ಸಾಕಾಗುವಷ್ಟು ಓಡುತ್ತಿತ್ತು. ರೀಮ್ಯಾಪ್, ಪೈಪು, ಬಸ್ಸು, ಅತ್ತೆಯ ಮುನಿಸು, ನನ್ನ ರಜೆಗಳು, ಯಾವುದೂ ಬೇಕಿರಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಟಿನ್ ಫ್ಯಾಕ್ಟರಿ ಜಂಕ್ಷನ್ ಬರುವವರೆಗೂ ಕಿಟಕಿಯಾಚೆಗೇ ನೋಡುತ್ತ ಕೂತೆ.

ಮುಂದಿನ ಭಾನುವಾರ ಅವನನ್ನು ಹೊಸಕೋಟೆ ಆಚೆಯ ಒಂದು ಬಡಾವಣೆಗೆ ಕರೆದುಕೊಂಡು ಹೋದೆ. ರಸ್ತೆ ಹಾಕಿ, ಕಂಬ ನೆಟ್ಟು, ಮನೆ ಮಾತ್ರ ಒಂದೂ ಏಳದ ಜಾಗ. ನನ್ನನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿಕೊಂಡು ಸುತ್ತಿಸಿದವನಿಗೆ ನಾನು ಡ್ರೈವಿಂಗ್ ಕಲಿಸಬೇಕಾಯಿತು.

"ಮೂರಕ್ಕೆ ಇಳಿಸು ಮಾವ."

"ಕೂಗ್ತದೆ."

"ಕೂಗ್ಲಿ. ಇಳಿಸು."

ಅವನು ಇಳಿಸಿದ. ಇಂಜಿನ್ ದನಿ ಏರಿತು. ತಕ್ಷಣ ಕೈ ತಾನಾಗಿ ಹೋಗಿ ನಾಲ್ಕಕ್ಕೆ ಏರಿಸಿತು. ಮತ್ತೆ ಮೂರು ಎಂದೆ. ಮತ್ತೆ ಕೂಗಿತು, ಮತ್ತೆ ಏರಿಸಿದ. ನಾನು ಗೇರಿನ ಮೇಲೆ ಕೈಯಿಟ್ಟೆ, ಅವನು ನನ್ನ ಕೈಯನ್ನು ಸರಿಸಿದ. ನಾನು ಕೂಗಿದೆ, ಅವನೂ ಕೂಗಿದ. ಕಾವಲಿನವನೊಬ್ಬ ತನ್ನ ಗುಡಿಸಲಿನಿಂದ ಹೊರಗೆ ಬಂದು ನಿಂತು ನೋಡಿದ. ಕೊನೆಗೆ ಮಾವ ಕಾರು ನಿಲ್ಲಿಸಿ ಇಂಜಿನ್ ಆರಿಸಿದ.

"ನಮ್ಮಪ್ಪ ಟ್ರ್ಯಾಕ್ಟರ್ ಕಲಿಸ್ದಾಗ ಒಂದೇ ಮಾತು ಏಳಿದ್ದು," ಎಂದ. "ಇಂಜಿನ್ ಕೂಗಿದ್ರೆ ಅದಕ್ಕೆ ನೋವಾಗ್ತಾ ಐತೆ ಅಂತ ಅರ್ಥ. ಎತ್ತಿಗೆ ಎಂಗೋ ಅಂಗೇ ಇದಕ್ಕೂ. ಕೂಗಿಸ್ಬೇಡ. ಒಂದ್ಸಲ ಕೂಗಿಸ್ದೆ ಅಂತ ಕೆನ್ನೆಗೆ ಒಡ್ದಿದ್ದ. ಅವತ್ತು ಆ ಶೆಡ್ಡಲ್ಲಿ ಅವ್ನು ಕೂಗಿಸ್ದಾಗ ನಂಗೆ ಒಳಗೆಲ್ಲ ಕಿವುಚಿದಂಗಾಯ್ತು. ನಾನು ಎಂಗಮ್ಮಿ ಕೂಗಿಸ್ಲಿ?"

ನನ್ನ ಸಿಟ್ಟು ಸ್ವಲ್ಪ ಇಳಿಯಿತು. ತಾತನನ್ನು ನಾನು ಕಂಡಿದ್ದೆ. ಅವನು ಹೇಳಿದ್ದು ಆ ಹಳೆಯ ಡೀಸೆಲ್ ಇಂಜಿನ್ನಿಗೆ ಸರಿಯಾದ ಮಾತೇ. ಈ ಪುಟ್ಟ ಪೆಟ್ರೋಲ್ ಇಂಜಿನ್ ಬೇರೆ ಜಾತಿ ಮಾವ, ಇದು ಕೂಗುವುದು ನೋವಿಗಲ್ಲ, ಇದರ ಮಾತೇ ಹಾಗೆ, ಐದನೇ ಗೇರಿನಲ್ಲಿ ಗೊಣಗುತ್ತದಲ್ಲ, ಆಗಲೇ ಇದಕ್ಕೆ ನೋವು ಎಂದು ಹೇಳಿದೆ. ಅವನು ಇಂಜಿನ್ ಶುರುಮಾಡಿದ. ಮೂರನೇ ಗೇರಿನಲ್ಲಿ, ಹಲ್ಲು ಕಚ್ಚಿಕೊಂಡು, ಖಾಲಿ ರಸ್ತೆಯ ಉದ್ದಕ್ಕೂ ಒತ್ತಿದ. ಕಾರು ಒತ್ತಿದ ತಕ್ಷಣ ಹೊರಟಿತು. ತುದಿಯಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಇದನ್ನ ಮೊದ್ಲೇ ಏಳ್ಬಾರ್ದಾಗಿತ್ತಾ ನೀನು?"

ನಾನು ಡ್ಯಾಶ್‌ಬೋರ್ಡಿನ ಮೇಲೆ ಹಣೆಯಿಟ್ಟೆ.

ಗೇರ್ ಇಳಿಸುವುದು ಬಂದ ಮೇಲೆ, ಹೆಚ್ಚಿಸಿದ ಕಸುವೂ ಸೇರಿ, ಮಾವನಿಗೆ ರುಚಿ ಹತ್ತಿತು. ಹಳೆಯ ಲೆಕ್ಕಕ್ಕೆ ವಾಪಸ್ ಮಾಡಿಸು ಎಂದರೆ ನಾಳೆ ಎಂದ, ಆಮೇಲೆ ಹಬ್ಬ ಕಳೀಲಿ ಎಂದ. ಅತ್ತೆ ಆಟೊದಲ್ಲಿ ಓಡಾಡುತ್ತಿದ್ದಳು. ಆ ಹಬ್ಬ ಕಳೆಯುವ ಮೊದಲೇ, ಒಂದು ಮೇಲ್ಸೇತುವೆ ಏರುವಾಗ ಇಂಜಿನ್ ಮಾತ್ರ ಕೂಗುತ್ತ ಕಾರು ಮುಂದೆ ಹೋಗದಾಯಿತು. ಸುಟ್ಟ ವಾಸನೆ. ಕ್ಲಚ್ ಹೋಗಿತ್ತು. ಸರ್ವಿಸ್ ಸೆಂಟರಿನವರು ತಮ್ಮ ಕಂಪ್ಯೂಟರ್ ತಗುಲಿಸಿ ನೋಡಿ, ಸಾಫ್ಟ್‌ವೇರ್ ಮುಟ್ಟಿದ್ದಾರೆ, ವಾರಂಟಿ ಬರುವುದಿಲ್ಲ ಎಂದರು. ನಾನು ಹೇಳಿರಲಿಲ್ಲವಾ ಎಂದು ಮಾವನಿಗೆ ಹೇಳಲು ಎಷ್ಟೋ ದಿನದಿಂದ ಕಾದಿದ್ದೆ. ಬಾಯಿ ತೆರೆಯುವ ಮೊದಲೇ ಅಲ್ಲಿನ ಮ್ಯಾನೇಜರ್ ನನ್ನ ಕಡೆ ತಿರುಗಿದ.

"ಮೇಡಂ, ನೀವು ಮೆಕ್ಯಾನಿಕಲ್ ಇಂಜಿನಿಯರ್ ಅಂತ ಸಾರ್ ಹೇಳಿದ್ರು. ಸಾರ್‌ಗೆ ಗೊತ್ತಾಗಲ್ಲ, ಸರಿ. ನೀವಾದ್ರೂ ಬೇಡ ಅಂತ ಹೇಳ್ಬೇಕಿತ್ತಲ್ವಾ?"

ಮಾವ ತಲೆಯಾಡಿಸಿದ.

ಕ್ಲಚ್ ಬದಲಾಯಿಸಿದ ಮೇಲೆ ಮೂವರೂ ಪೀಣ್ಯಕ್ಕೆ ಹೋದೆವು. ಅತ್ತೆ ತನ್ನ ಕಣ್ಣಾರೆ ನೋಡದೆ ನಂಬುವುದಿಲ್ಲವೆಂದಳು. ಹಾಗಂತ ಆ ಕಾರಿನಲ್ಲಿ ಬರಲೂ ಒಪ್ಪಲಿಲ್ಲ. ನನ್ನ ಜೊತೆ ಮೆಟ್ರೊದಲ್ಲಿ ಬಂದು, ಶೆಡ್ಡಿನ ಗಾಜಿನ ಕೋಣೆಯ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಟ್ಯೂನರ್ ಲ್ಯಾಪ್‌ಟಾಪ್ ತಗುಲಿಸಿ, ತಾನು ತೆಗೆದಿಟ್ಟಿದ್ದ ಕಂಪನಿಯ ಲೆಕ್ಕವನ್ನು ಮತ್ತೆ ತುಂಬಿಸಿದ.

"ತೆಗೆದ್ಯೇನಪ್ಪ?" ಎಂದಳು ಅತ್ತೆ.

"ತೆಗ್ದೆ ಅಕ್ಕ."

"ಎಲ್ಲಿ, ತೋರ್ಸು."

"ಅದು ಸಾಫ್ಟ್‌ವೇರ್ ಅಕ್ಕ. ಕೈಯಲ್ಲಿ ಹಿಡಿಯೋಕಾಗಲ್ಲ."

"ಅಂಗಾದ್ರೆ ನೀನು ತೆಗೆದೆ ಅನ್ನೋದು ನಂಗೆಂಗೆ ಗೊತ್ತಾಗ್ಬೇಕು?"

ಅವನು ನನ್ನ ಮುಖ ನೋಡಿದ. ನಾನು ಸಹಾಯ ಮಾಡಲಿಲ್ಲ. ಅವನು ಕಾರನ್ನು ಮತ್ತೆ ಉರುಳೆಗಳ ಮೇಲೆ ಏರಿಸಿ, ಪಟ್ಟಿ ಬಿಗಿದು, ಕೂಗಿಸಿ, ಗೆರೆ ಕೆಳಗಿಳಿದದ್ದನ್ನು ಪರದೆಯ ಮೇಲೆ ತೋರಿಸಬೇಕಾಯಿತು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ಬೆರಳಿಂದ ಗೆರೆ ಮುಟ್ಟಿ, ಸರಿ ಎಂದಳು. ಅವಳು ಎದ್ದು ಹೊರಗೆ ಹೋದ ಮೇಲೆ ಮಾವ ದನಿ ತಗ್ಗಿಸಿ, "ಆ ಜೋರಾಗಿರೋದು ಒಂದು ನಿನ್ ತಾವ ಇಟ್ಕೊಂಡಿರು" ಎಂದ. ಟ್ಯೂನರ್ ಹೆಬ್ಬೆರಳೆತ್ತಿ ತೋರಿಸಿದ. ನಾನು ಕೀಲಿ ಎತ್ತಿಕೊಂಡೆ.

ವಾಪಸ್ ಬರುವಾಗ ನಾನೇ ಓಡಿಸಿದೆ. ಅತ್ತೆ ಮುಂದೆ ಕೂತಳು, ಮಾವನನ್ನು ಹಿಂದೆ ಕಳಿಸಿದಳು. ಗೊರಗುಂಟೆಪಾಳ್ಯದ ಸಿಗ್ನಲಿಗೆ ಬರುವಷ್ಟರಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಬಸ್ಸು, ಲಾರಿ, ಕಾರ್ಖಾನೆ ಬಿಟ್ಟವರ ಬೈಕುಗಳು. ದೀಪ ಎಷ್ಟು ಸಲ ಹಸಿರಾದರೂ ನಾವು ಇದ್ದಲ್ಲೇ. ಹಿಂದೆ ಮಾವ ಬಾಯಿ ತೆರೆದು ನಿದ್ದೆ ಹೋಗಿದ್ದ.

ಅತ್ತೆ ಬಹಳ ಹೊತ್ತು ನನ್ನ ಕಾಲುಗಳನ್ನೇ ನೋಡುತ್ತಿದ್ದಳು.

"ಆ ಎಡಗಾಲಿಂದು ಏನು?"

"ಕ್ಲಚ್ಚು ಅತ್ತೆ. ಗೇರ್ ಬದಲಾಯಿಸುವಾಗ ಒತ್ತೋದು."

"ಕಲಿಯಾಕೆ ಕಷ್ಟಾನಾ?"

ನಾನು ಅವಳ ಕಡೆ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

"ಆಟೊದವ್ರ ತಾವ ಜಗಳ ಆಡಿ ಆಡಿ ಸಾಕಾಗೈತೆ. ನಿಮ್ಮಾವನ ತಾವ ಕಲಿಯಲ್ಲ ನಾನು. ನೀನು ಭಾನುವಾರ ಬಿಡುವಾಗಿರ್ತೀಯಲ್ಲ?"

"ಅತ್ತೆ, ಡ್ರೈವಿಂಗ್ ಸ್ಕೂಲ್ ಇದೆ, ಅಗ್ರಹಾರದಲ್ಲೇ."

"ಅವ್ರಿಗೇನ್ ಗೊತ್ತು. ನೀನು ಇಂಜಿನ್ ಓದಿರೋಳು."

ಹಿಂದಿನ ಬಸ್ಸು ಹಾರನ್ ಹೊಡೆಯಿತು. ಒಂದನೇ ಗೇರಿಗೆ ಹಾಕಿ ಒಂದು ಕಾರಿನಷ್ಟು ಮುಂದೆ ಹೋಗಿ ನಿಂತೆ.